ಕೆಳಗೆ ಉಳಿದ ಎರಡು ಬೆರಳು ಜಾಗ

ಜನವರಿ 9, 2000. ಆದಿತ್ಯವಾರ

ಈ ಡೈರಿ ಹೋದ ವರ್ಷದ್ದು. ಕಾಪುವಿನ ನಮ್ಮ ಪ್ರೆಸ್ಸಿನಲ್ಲಿ ಮಾರಾಟವಾಗದೆ ಉಳಿದದ್ದು. "ತಾರೀಖು ಸರಿ ಉಂಟು, ವಾರ ಮಾತ್ರ ತಪ್ಪು. ನೀನೇ ತಿದ್ದಿಕೋ ನಾಗವೇಣಿ" ಎಂದು ಯಜಮಾನರಾದ ಮೌರಿಸ್ ಸರ್ ಕೊಟ್ಟರು. ತಿದ್ದಿಕೊಂಡು ಬರೆಯುತ್ತಿದ್ದೇನೆ.

ಕೃತಜ್ಞತೆ ಎಂಬುದು ಧಣಿಗಳು ಆಳುಗಳಿಗೆ ಕಲಿಸಿದ ಗುಣ ಎಂದು ನನ್ನ ಹೋರಾಟದ ಪುಸ್ತಿಕೆಗಳಲ್ಲಿ ಹಸಿರು ರಟ್ಟಿನದರ ಎಂಟನೇ ಪುಟದಲ್ಲಿದೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆದ್ದರಿಂದ ಇದನ್ನು ಕೃತಜ್ಞತೆ ಎಂದಲ್ಲ, ಸಂಗತಿ ಎಂದು ದಾಖಲಿಸುತ್ತೇನೆ. ಉದ್ಯಾವರ ದಾಟಿದ ಮೇಲೆ ಸಿಗುವ ಈ ಹೊಳೆ ಬದಿಯ ಊರಿನಲ್ಲಿ ಸುಗಂಧಿಯಕ್ಕ ತಮ್ಮ ಮನೆಯ ಹೊರಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ನಾವು ಮೀನು ತಿನ್ನದವರು ಎಂದು ತಿಳಿದು, ನಾನು ಕೇಳದೆಯೇ, ಒಂದು ಹೊಸ ಪಾತ್ರೆ ತಂದು ನನ್ನ ಗಂಜಿಯನ್ನು ಅದರಲ್ಲಿ ಬೇರೆ ಬೇಯಿಸುತ್ತಾರೆ. ಬೀಡಿ ಕಟ್ಟಿ ಬದುಕುವ ಹೆಂಗಸು. ಗಂಡ ಮುಂಬೈಯ ಹೋಟೆಲಿನಲ್ಲಿದ್ದಾನೆ. ಅಲ್ಲಿ ಅವನಿಗೆ ಬೇರೆ ಸಂಸಾರವಾಗಿ ಹನ್ನೆರಡು ವರ್ಷ.

ನಮ್ಮ ಮನೆಯದ್ದೂ ಬರೆದುಬಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ನವೆಂಬರಿನಲ್ಲಿ ಗುರಲಿಂಗಪ್ಪ ಎಂಬ ಮೇಸ್ತ್ರಿ ಮಣಿಪಾಲದ ಸೈಟಿನಿಂದ ಇನ್ನೊಬ್ಬಳ ಜೊತೆ ಹೊರಟುಹೋದ. ಅವನನ್ನು ಇನ್ನು ಅಪ್ಪ ಎಂದು ಬರೆಯುವುದಿಲ್ಲ. ಅವ್ವ ನಿಟ್ಟೆಯಲ್ಲಿ ಹಾಸ್ಟೆಲ್ ಕಟ್ಟಡದ ಕೆಲಸಕ್ಕೆ ಹೋಗಿ ಅಲ್ಲೇ ಶೆಡ್ಡಿನಲ್ಲಿದ್ದಾಳೆ. ವಂಚನೆಗೆ ಕ್ಷಮೆ ಇಲ್ಲ. ಇದು ನನ್ನ ನಿಲುವು.

ಇವತ್ತು ಮುದ್ದಣ್ಣ ಎಂಬವರು ಕಾರ್ಕಳದಿಂದ ಬಂದು ಬಾವಿಯ ಪಂಪು ರಿಪೇರಿ ಮಾಡಿದರು. ಹೆಂಡತಿ ತೀರಿಹೋದ ಮನುಷ್ಯ, ಮಾತು ಕಡಿಮೆ. ಒಂದು ಚಿಪ್ಪು ಕದಳಿ ಬಾಳೆಹಣ್ಣು ತಂದಿದ್ದರು. ಪಂಪಿಗೂ ಬಾಳೆಹಣ್ಣಿಗೂ ಏನು ಸಂಬಂಧವೋ. ಹಣ್ಣು ಮಾತ್ರ ಚೆನ್ನಾಗಿತ್ತು.

ಜನವರಿ 12, ಬುಧವಾರ

ಪಂಚಾಯತ್ ಚುನಾವಣೆಯಲ್ಲಿ ನಮ್ಮ ವಾರ್ಡು ಈ ಸಲ ಮಹಿಳೆಗೆ ಮೀಸಲು. ಗುತ್ತಿಗೆದಾರ ಶೇಖರಣ್ಣ ಆಗಲೇ ತನ್ನ ಹೆಂಡತಿ ಕುಶಲಾ ಅವರ ಹೆಸರು ಕೊಟ್ಟಾಗಿದೆ. ಆಕೆಯನ್ನು ಕೇಳಿದನೋ ಇಲ್ಲವೋ. ಇಡೀ ಊರಿಗೆ ಗೊತ್ತು, ಅವನಿಗೆ ಆದಿ ಉಡುಪಿಯಲ್ಲಿ ಇನ್ನೊಂದು ಮನೆ ಇದೆ. ಕೇಳಿದರೆ ಅಲ್ಲಿ ಜಲ್ಲಿಯ ಯಾರ್ಡ್ ಇದೆ ಎನ್ನುತ್ತಾನೆ. ಹೆಂಡತಿ ಗೆದ್ದರೆ ಸಹಿ ಮಾತ್ರ ಅವಳದ್ದು.

ಸುಗಂಧಿಯಕ್ಕ ನಿಲ್ಲಲೇಬೇಕು ಎಂದು ಸಂಜೆಯಿಡೀ ವಾದಿಸಿದೆ. ಅವರು ಮೊರದ ಮೇಲೆ ಎಲೆ ಕತ್ತರಿಸುತ್ತಾ ಕೇಳಿದರು.

"ನಾನು ನಿಂತರೆ ಬೀಡಿ ಯಾರು ಕಟ್ಟುವುದು, ನಿನ್ನ ಪುಸ್ತಕವಾ?"

"ಇತಿಹಾಸ ನಿಮ್ಮನ್ನು ಕರೆಯುತ್ತಿದೆ ಸುಗಂಧಿಯಕ್ಕ."

"ಇತಿಹಾಸಕ್ಕೆ ಹೇಳು, ನಾಳೆ ಬ್ರಾಂಚಿಗೆ ಬೀಡಿ ಕೊಡುವ ದಿನ ಅಂತ."

ಆದರೆ ಹೊಳೆ ಬದಿಯ ಹದಿನೇಳು ಮನೆಗಳ ಬಾವಿ ಸಂಕ್ರಾಂತಿ ಕಳೆದರೆ ಉಪ್ಪಾಗುತ್ತದೆ. ಪಂಚಾಯತಿನ ಪೈಪು ನಮ್ಮ ಕಡೆಗೂ ಬಂದಿದೆ, ನೀರು ಮಾತ್ರ ಶೇಖರಣ್ಣನ ಮನೆಯ ತಿರುವು ದಾಟುವುದಿಲ್ಲ. ಇದನ್ನು ಹೇಳಿದಾಗ ಅವರ ಕತ್ತರಿ ನಿಂತಿತು. ಕೊನೆಗೆ "ನೀರಿಗಾದರೆ ನಿಲ್ಲುತ್ತೇನೆ. ಬೇರೆ ಯಾವುದಕ್ಕೂ ಅಲ್ಲ" ಎಂದರು.

ನಿಲ್ಲುತ್ತಾರೆ. ಸಾಕು.

ನನಗೆ ಮತವಿಲ್ಲ. ಕಟ್ಟಡ ಇದ್ದಲ್ಲಿ ನಮ್ಮ ಊರು; ಯಾವ ಊರಿನ ಪಟ್ಟಿಯಲ್ಲೂ ನಮ್ಮ ಹೆಸರಿಲ್ಲ.

ಜನವರಿ 18, ಮಂಗಳವಾರ

ಊಟದ ಹೊತ್ತಿಗೆ ಕಾನ್ಸೆಪ್ಟಾ ಬಾಯಿಯ ಜೊತೆ ಜಗಳವಾಯಿತು. ಅವರು ನಮ್ಮ ಪ್ರೆಸ್ಸಿನ ಹಿರಿಯ ಕಂಪಾಸಿಟರ್. ಅಚ್ಚಿನ ಮೊಳೆಗಳನ್ನು ನೋಡದೆಯೇ ಯಾವ ಗೂಡಿನಿಂದ ಯಾವ ಅಕ್ಷರ ಎಂದು ಎತ್ತುವವರು. ನನಗೆ ಕಲಿಸಿದ್ದೂ ಅವರೇ. ಅವರ ಗಂಡ ಹಡಗಿನಲ್ಲಿದ್ದ. ಪ್ರತಿ ಬಂದರಿನಲ್ಲೂ ಒಬ್ಬಳಿದ್ದಳಂತೆ. ಕೊನೆಗೆ ರೋಗ ಹಿಡಿದು ಬಂದವನನ್ನು ಆರು ವರ್ಷ ನೋಡಿಕೊಂಡು ಮಣ್ಣು ಮಾಡಿದರು.

"ಅದು ಗುಲಾಮಗಿರಿ ಬಾಯಿ" ಎಂದೆ.

"ಮಾತು ಕೊಟ್ಟದ್ದು ಇಗರ್ಜಿಯಲ್ಲಿ, ಕೊಟ್ಟವಳು ನಾನು. ಅವನು ಮುರಿದರೆ ಅವನದ್ದು ಮುರಿಯಿತು. ನನ್ನದು ಯಾಕೆ ಮುರಿಯಬೇಕು?"

"ಅವನನ್ನು ಹೊರಗೆ ಹಾಕಬೇಕಿತ್ತು."

"ಹಾಕಬಹುದಿತ್ತು. ಹಾಕಿದವರನ್ನು ನಾನು ಬಯ್ಯುವುದಿಲ್ಲ. ನೀನು ಹಾಕದವರನ್ನು ಬಯ್ಯುತ್ತೀ, ಅಷ್ಟೇ ವ್ಯತ್ಯಾಸ. ಪಲ್ಯ ಹಾಕಿಕೋ."

ಅವರ ತರ್ಕ ದುರ್ಬಲ. ಹರಿವೆ ಪಲ್ಯ ಬಹಳ ಚೆನ್ನಾಗಿತ್ತು. ಮೀನಿನ ಡಬ್ಬಿಯನ್ನು ನನ್ನಿಂದ ದೂರ ಇಟ್ಟುಕೊಂಡು ಉಣ್ಣುತ್ತಾರೆ. ಇದನ್ನೂ ಸಂಗತಿ ಎಂದೇ ಬರೆಯುತ್ತಿದ್ದೇನೆ.

ಜನವರಿ 23, ಆದಿತ್ಯವಾರ

ಸುಗಂಧಿಯಕ್ಕನಿಗೆ ಕೊಡೆಯ ಗುರುತು ಬಂದಿದೆ. "ಬೇಸಗೆಯಲ್ಲಿ ಕೊಡೆ ಹಿಡಿದು ಓಟು ಕೇಳುವುದಾ" ಎಂದು ನಗುತ್ತಾರೆ.

ಪಂಪು ಮತ್ತೆ ಕೆಟ್ಟಿದೆ. ಮುದ್ದಣ್ಣ ಮತ್ತೆ ಕಾರ್ಕಳದಿಂದ ಬರಬೇಕಾಯಿತು. ಎರಡು ವಾರಕ್ಕೊಮ್ಮೆ ಕೆಡುವ ಪಂಪನ್ನು ಮಾರಿದ ಕಂಪನಿಯ ವಿರುದ್ಧ ಗ್ರಾಹಕರ ವೇದಿಕೆಗೆ ಬರೆಯಬೇಕು ಎಂದೆ. ಮುದ್ದಣ್ಣನಿಗೆ ಕೆಮ್ಮು ಬಂತು. ಸುಗಂಧಿಯಕ್ಕ ಒಳಗೆ ಹೋದರು.

ಮಧ್ಯಾಹ್ನ ನಾನು ಅವರ ಕರಿಮಣಿಯ ಬಗ್ಗೆ ಹೇಳಿದೆ. ಹನ್ನೆರಡು ವರ್ಷದಿಂದ ವಂಚಿಸುತ್ತಿರುವವನ ಗುರುತನ್ನು ಕುತ್ತಿಗೆಯಲ್ಲಿ ಹೊರುವುದು ಅವಮಾನ, ತೆಗೆದಿಡಿ ಎಂದು.

"ಇದನ್ನು ಮಾಡಿಸಿದ್ದು ನನ್ನ ಅಮ್ಮ, ಎರಡು ಮಳೆಗಾಲದ ಗದ್ದೆ ಕೆಲಸದಲ್ಲಿ. ಅವರದ್ದು ಇದರಲ್ಲಿ ಎಂತ ಉಂಟು?" ಎಂದರು.

"ಹಾಗಾದರೆ ಅವನ ಮೇಲೆ ಸಿಟ್ಟಿಲ್ಲವಾ?"

"ಇತ್ತು. ಇಟ್ಟುಕೊಂಡು ಎಂತ ಮಾಡುವುದು, ಉಪ್ಪಿನಕಾಯಿಯಾ?"

ಇವರಿಗೆ ತಮ್ಮ ಮೇಲೆ ನಡೆದ ಅನ್ಯಾಯದ ಆಳ ಗೊತ್ತಿಲ್ಲ. ಅದನ್ನು ಊರಿಗೆ ತಿಳಿಸುವುದು ನನ್ನ ಹೊಣೆ.

ಜನವರಿ 29, ಶನಿವಾರ

ಒಳ್ಳೆಯ ಕೆಲಸ ಮಾಡಿದ್ದೇನೆ.

ಸುಗಂಧಿಯಕ್ಕನ ನೋಟೀಸು ಇವತ್ತು ಅಚ್ಚಾಯಿತು. ಹೆಸರು, ಕೊಡೆ, ನೀರಿನ ನಾಲ್ಕು ಸಾಲು. ಬೆಳಿಗ್ಗೆ ಅವರೇ ಬಂದು ಪ್ರೂಫ್ ಓದಿ ಸಹಿ ಹಾಕಿ ಹೋದರು. ಕೆಳಗೆ ಎರಡು ಬೆರಳು ಅಗಲದ ಜಾಗ ಖಾಲಿ ಉಳಿದಿತ್ತು. "ಒಂದು ಹೂವಿನ ಬ್ಲಾಕ್ ಹಾಕಿ ಮುಗಿಸು" ಎಂದು ಹೇಳಿ ಮೌರಿಸ್ ಸರ್ ಕಾಗದ ತರಲು ಉಡುಪಿಗೆ ಹೋದರು. ಕಾನ್ಸೆಪ್ಟಾ ಬಾಯಿ ಯಾರದ್ದೋ ಮರಣದ ಪೂಜೆಗೆ ಹೋಗಿದ್ದರು.

ಹೂವು ಹಾಕಲು ನನಗೆ ನಾಚಿಕೆಯಾಯಿತು. ಇಷ್ಟು ಅನ್ಯಾಯದ ನಡುವೆ ಹೂವೇ? ಅಲ್ಲಿ ಮಾತು ಜೋಡಿಸಿದೆ:

"ಮನೆಯಲ್ಲಿ ವಂಚಿಸುವವರು ಊರನ್ನೂ ವಂಚಿಸುತ್ತಾರೆ. ಸುಗಂಧಿಯ ಮನೆಯಲ್ಲಿ ಮುಚ್ಚುಮರೆ ಇಲ್ಲ. ಅನುಮಾನ ಇದ್ದವರು ಎದುರು ಬಂದು ಕೇಳಿ."

ಸಹಿಯಾದ ಪ್ರೂಫಿಗೆ ಒಂದು ಅಕ್ಷರ ಸೇರಿಸಬಾರದು ಎಂಬುದು ಪ್ರೆಸ್ಸಿನ ನಿಯಮ. ಆದರೆ ನಿಯಮ ಇರುವುದು ಸತ್ಯವನ್ನು ತಡೆಯಲಿಕ್ಕಲ್ಲ. ಆರುನೂರು ಪ್ರತಿ ಹೊಡೆದೆ. ಮೊದಲ ಹಾಳೆ ಎತ್ತಿ ಬೆಳಕಿಗೆ ಹಿಡಿದೆ. ನನ್ನ ಮಾತು ಅಚ್ಚಾದದ್ದು ಇದೇ ಮೊದಲು.

ಜನವರಿ 31, ಸೋಮವಾರ

ನೋಟೀಸು ಮನೆಮನೆಗೆ ಹೋಗಿದೆ. ಸುಗಂಧಿಯಕ್ಕ ಕೊನೆಯ ಸಾಲಿನ ತನಕ ಓದಿ, ಮತ್ತೆ ಮೊದಲಿನಿಂದ ಓದಿದರು. ಮಾತು ಎದೆಗೆ ತಟ್ಟಿರಬೇಕು. "ಅಚ್ಚು ಚಂದ ಬಂದಿದೆ" ಎಂದಷ್ಟೇ ಹೇಳಿ ಬೀಡಿಗೆ ಕುಳಿತರು. ಒಂದು ಕಟ್ಟನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದರು.

ಫೆಬ್ರವರಿ 3, ಗುರುವಾರ

ಇವತ್ತು ಶೇಖರಣ್ಣ ಪ್ರೆಸ್ಸಿಗೆ ಬಂದ. ಉತ್ತರದ ನೋಟೀಸು ಬೇಕಂತೆ. ಮೌರಿಸ್ ಸರ್ ಕಾಗದ ತೆಗೆದುಕೊಂಡರು. ನಾನು ಎದ್ದುನಿಂತೆ, ಈ ಮನುಷ್ಯನದ್ದನ್ನು ನಾನು ಮುಟ್ಟುವುದಿಲ್ಲ ಎಂದೆ.

"ಮದುವೆಯದ್ದೂ ಇಲ್ಲೇ, ಸತ್ತವರ ಬೊಜ್ಜದ್ದೂ ಇಲ್ಲೇ. ಪ್ರೆಸ್ಸಿಗೆ ಪಕ್ಷ ಇಲ್ಲ ಮಾರಾಯ್ತಿ" ಎಂದರು ಮೌರಿಸ್ ಸರ್. ನಂತರ ದನಿ ತಗ್ಗಿಸಿ, "ಮತ್ತೆ ಆ ಕೊನೆಯ ಸಾಲು ಪ್ರೂಫಿನಲ್ಲಿ ಇರಲಿಲ್ಲ ಅಲ್ವಾ?"

ಜೋಡಿಸಲು ಕುಳಿತೆ. ಮೊಳೆ ಜೋಡಿಸುವಾಗ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಒಂದೊಂದೇ ಎತ್ತಿ ಇಡುವಾಗ ಅರ್ಥ ತಡವಾಗಿ ಬರುತ್ತದೆ. "ಕೇಳುತ್ತಿದ್ದೇವೆ" ಎಂದು ಇಟ್ಟೆ. "ಎರಡು ವಾರಕ್ಕೊಮ್ಮೆ" ಎಂದು ಇಟ್ಟೆ. "ಕಾರ್ಕಳದಿಂದ" ಎಂದು ಇಟ್ಟೆ. "ಪಂಪು ರಿಪೇರಿಗೆ ಬರುವವರು ಯಾರು" ಎಂದು ಇಡುವಾಗ 'ಪಂ' ನನ್ನ ಕೈಯಿಂದ ಕೆಳಗೆ ಬಿತ್ತು.

ಕಾನ್ಸೆಪ್ಟಾ ಬಾಯಿ ಅದನ್ನು ನೆಲದಿಂದ ಹೆಕ್ಕಿ ನನ್ನ ಕೈಯಲ್ಲಿಟ್ಟರು. "ನೀನು ಮಾಡು, ಇಲ್ಲ ಬಿಡು, ನಾನು ಮಾಡುತ್ತೇನೆ" ಎಂದರು. ನಾನೇ ಮುಗಿಸಿದೆ. ಕೊನೆಯ ಸಾಲು: "ಮುಚ್ಚುಮರೆ ಇಲ್ಲದಿದ್ದರೆ ಸಂಕ್ರಮಣದ ದಿನ ದೈವಸ್ಥಾನದಲ್ಲಿ ಪ್ರಮಾಣ ಮಾಡಲಿ."

ಸಂಜೆ ಒಂದು ಪ್ರತಿ ತೆಗೆದುಕೊಂಡು ಹೋಗಿ ಸುಗಂಧಿಯಕ್ಕನ ಮುಂದಿಟ್ಟೆ. ಸುಳ್ಳು ಎಂದು ಹೇಳಿಬಿಡಿ ಎಂದೆ.

"ಹೌದು ವೇಣಿ, ಬರುತ್ತಾರೆ. ನಾಲ್ಕು ವರ್ಷ ಆಯಿತು" ಎಂದರು. "ಆ ಸಾಲು ಹಾಕುವ ಮೊದಲು ನನ್ನನ್ನೊಮ್ಮೆ ಕೇಳಬಹುದಿತ್ತು."

ನಾನು ಏನೇನೋ ಅಂದೆ. ಗುರಲಿಂಗಪ್ಪನಿಗೂ ನಿಮಗೂ ಏನು ವ್ಯತ್ಯಾಸ ಎಂದೂ ಅಂದೆ. ಅವರು ನನ್ನ ಗಂಜಿಯನ್ನು ಬಡಿಸಿ ಮುಚ್ಚಿಟ್ಟು ಒಳಗೆ ಹೋದರು.

ಉಣ್ಣಲಿಲ್ಲ.

ಫೆಬ್ರವರಿ 4, ಶುಕ್ರವಾರ

ನಿಟ್ಟೆಗೆ ಬಂದಿದ್ದೇನೆ. ಬ್ಯಾಗು, ಪುಸ್ತಿಕೆಗಳು, ಎಲ್ಲ ತಂದಿದ್ದೇನೆ. ನನಗೆ ಜ್ವರ ಎಂದು ಮೌರಿಸ್ ಸರ್‌ಗೆ ಸುಳ್ಳು ಹೇಳಿದೆ.

ಫೆಬ್ರವರಿ 6, ಆದಿತ್ಯವಾರ

ಎರಡು ದಿನ ಅವ್ವ ಏನೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ನಾನೇ ಎಲ್ಲ ಹೇಳಿದೆ. ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ವಂಚನೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಿನಗ ಬ್ಯಾರೆ ಪಾತ್ರ್ಯಾಗ ಅಡಗಿ ಮಾಡಿ ಹಾಕ್ಯಾರ. ನೀ ಅವರ ಮಾನ ತಗೊಂಡು ಬೀದ್ಯಾಗ ಇಟ್ಟು ಬಂದಿ" ಎಂದಳು.

"ಅವರು ಮಾಡಿದ್ದು ಸರೀನಾ ಅವ್ವಾ? ಅಪ್ಪ ಮಾಡಿದ್ದೂ ಅದೇ ಅಲ್ಲಾ?"

"ನಿಮ್ಮಪ್ಪ ಹೆಂಡತಿ ಮಗಳನ್ನ ಸೈಟಿನ್ಯಾಗ ಬಿಟ್ಟು ಹೋದ. ಆಕಿ ಯಾರನ್ನ ಬಿಟ್ಟು ಹೋಗ್ಯಾಳ? ಹನ್ನೆರಡು ವರ್ಷ ಆಕೀನ ಬಿಟ್ಟವರ ಹೆಸರು ನಿನ್ನ ಕಾಗದದಾಗ ಐತೇನು?"

"ನಿನಗೆ ನಾಚಿಕೆ ಆಗಲಿಲ್ಲವಾ, ಅವನು ಹೋದಾಗ?"

"ತಪ್ಪು ಅಂವಂದು, ನಾಚ್ಕಿ ನಂದ್ಯಾಕ ಆಗಬೇಕು? ಏಳು, ಬಸ್ಸಿಗೆ ಹೊತ್ತಾತು."

ಅವಳೂ ಜೊತೆಗೆ ಬಂದಳು. ಪಡುಬಿದ್ರಿಯಲ್ಲಿ ಬಸ್ ಬದಲಿಸಿ ಮಧ್ಯಾಹ್ನಕ್ಕೆ ಮುಟ್ಟಿದೆವು. ಊರಿಡೀ ನೋಟೀಸು ಓದಿದೆ. ಮುದ್ದಣ್ಣ ಈ ವಾರ ಬರುವುದಿಲ್ಲ ಅಂದುಕೊಂಡಿದ್ದೆ. ಅವರು ಜಗಲಿಯ ಮೇಲೆ, ರಸ್ತೆಗೆ ಕಾಣುವ ಹಾಗೆ, ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಸ್ಪ್ಯಾನರ್ ಚೀಲ ತಂದಿರಲಿಲ್ಲ.

ಅವ್ವ ನೇರ ಕೇಳಿದಳು. "ಪಂಪಿನವರು ನೀವೇ ಏನ್ರಿ?"

"ಹೌದು."

"ಪಂಪ ಖರೇನ ಕೆಟ್ಟಿತ್ತೇನ್ರಿ?"

ಮುದ್ದಣ್ಣ ಲೋಟ ಕೆಳಗಿಟ್ಟು ಯೋಚಿಸಿ ಹೇಳಿದರು. "ಮೊದಲ ಸಲ ಕೆಟ್ಟಿತ್ತು."

ಸುಗಂಧಿಯಕ್ಕ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವ್ವನೂ ನಕ್ಕಳು. ಅವಳು ನವೆಂಬರಿನ ನಂತರ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಇಬ್ಬರೂ ಹೆಂಗಸರು ಸಂಜೆಯವರೆಗೆ ಎಲೆ ಕತ್ತರಿಸುತ್ತಾ ಕುಳಿತರು. ನಮ್ಮ ಕಡೆ ಗಂಡ ಬಿಟ್ಟವಳು ಮತ್ತೊಬ್ಬನ ಜೊತೆ ಬಾಳುವುದಕ್ಕೆ ಉಡಿಕಿ ಅಂತಾರೆ, ಅದಕ್ಕೂ ಶಾಸ್ತ್ರ ಇದೆ ಎಂದಳು ಅವ್ವ. "ನಮ್ಮಲ್ಲಿ ಬುಡುದಾರೆ ಅಂತ ಇತ್ತು. ನಮ್ಮ ಅಜ್ಜಿಗೆ ಆಗಿತ್ತು, ಯಾರೂ ಪ್ರಮಾಣ ಕೇಳಲಿಲ್ಲ" ಎಂದರು ಸುಗಂಧಿಯಕ್ಕ.

"ಮತ್ತ ನೀವೂ ಮಾಡಿಕೋರಿ."

"ಬೇಡ ಭಾಗವ್ವ. ಒಂದು ಮದುವೆ ನೋಡಿ ಸಾಕಾಗಿದೆ. ಅವರು ಬರಲಿ, ಹೋಗಲಿ. ನನಗೆ ಅದೇ ಇಷ್ಟ."

ಉಡಿಕಿ, ಬುಡುದಾರೆ, ಈ ಎರಡು ಪದ ನನ್ನ ಯಾವ ಪುಸ್ತಿಕೆಯಲ್ಲೂ ಇಲ್ಲ. ಅವ್ವ ಕೊನೆಯ ಬಸ್ಸಿಗೆ ಹೋದಳು. ನನ್ನ ಬ್ಯಾಗು ಆಗಲೇ ಹೊರಕೋಣೆಯ ಮೊಳೆಗೆ ನೇತಾಡುತ್ತಿತ್ತು. ಯಾರು ಇಟ್ಟರೋ ಕೇಳಲಿಲ್ಲ. ತಪ್ಪಾಯಿತು ಎಂದು ಹೇಳಲು ಅಡುಗೆಮನೆಗೆ ಹೋದೆ. ಸುಗಂಧಿಯಕ್ಕ ನನ್ನ ಪಾತ್ರೆ ತೊಳೆಯುತ್ತಿದ್ದರು. "ಅಕ್ಕಿ ಒಂದು ಪಾವು ಸಾಕಾ?" ಎಂದರು. ಸಾಕು ಎಂದೆ. ಅಷ್ಟೇ ಹೇಳಲು ಆಯಿತು.

ಫೆಬ್ರವರಿ 9, ಬುಧವಾರ

ಕುಶಲಾ ಅವರು ಪ್ರೆಸ್ಸಿಗೆ ಬಂದಿದ್ದರು. ಗಂಡನಿಲ್ಲದೆ, ಬಸ್ಸಿನಲ್ಲಿ. ಇಸ್ತ್ರಿ ಮಾಡಿದ ಸೀರೆ. ನನ್ನ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು.

"ಈ ಸಾಲು ಬರೆದವಳು ನೀನಾ?"

ಹೌದು ಎಂದೆ. ನಿಮ್ಮ ಗಂಡನ ಬಗ್ಗೆ ಬರೆದದ್ದು ಎಂದೂ ಹೇಳಿದೆ.

"ಅವರಿಗೆ ಎಂತ ಆಯಿತು? ನಿನ್ನೆಯೂ ಆದಿ ಉಡುಪಿಗೆ ಹೋಗಿ ಬಂದರು. ನಾನು ಈಗ ಹಾಲಿಗೆ ಹೋದರೆ ಸೊಸೈಟಿಯಲ್ಲಿ ಮಾತು ನಿಲ್ಲುತ್ತದೆ. ಮಗಳನ್ನು ಶಾಲೆಯಲ್ಲಿ ಕೇಳಿದರಂತೆ, ನಿಮ್ಮ ಅಪ್ಪನಿಗೆ ಎಷ್ಟು ಮನೆ ಅಂತ."

ಅವರಿಗೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದಾರೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವರೇ ಹೇಳಿದರು.

"ನನಗೂ ಗೊತ್ತುಂಟು ಏಳು ವರ್ಷದಿಂದ. ನಾನು ಅದನ್ನು ನನ್ನ ರೀತಿಯಲ್ಲಿ ಹೊತ್ತುಕೊಂಡಿದ್ದೆ. ನೀನು ಬಂದು ಅದನ್ನು ಅಚ್ಚು ಹಾಕಿದಿ."

ಕಾನ್ಸೆಪ್ಟಾ ಬಾಯಿ ಒಂದು ಲೋಟ ನೀರು ತಂದುಕೊಟ್ಟರು. ಕುಶಲಕ್ಕ ಅದನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದರು.

ಶೇಖರಣ್ಣನಿಗೆ ಹೊಡೆದ ಕಲ್ಲು ಯಾರಿಗೆ ತಾಗಿತು? ಇದನ್ನು ಯೋಚಿಸಬೇಕು.

ಫೆಬ್ರವರಿ 12, ಶನಿವಾರ

ನಾಳೆ ಸಂಕ್ರಮಣ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ. ಹೋಗಿ ನಿಜ ಹೇಳಿದರೆ ಓಟು ಹೋಗುತ್ತದೆ, ಮುಖ ಎತ್ತಿ ಓಡಾಡುವುದೂ ಕಷ್ಟ. ಇಷ್ಟಕ್ಕೂ ಕಾರಣ ನನ್ನ ಎರಡು ಬೆರಳು ಜಾಗದ ಮಾತು. ಇವತ್ತು ಬೀಡಿ ಎಲೆ ನೆನೆಹಾಕುವಾಗ ನಾನು ಒಂದು ಉಪಾಯ ಹೇಳಿದೆ.

"ಪ್ರಮಾಣ ಮಾಡಿಬಿಡಿ. ಏನೂ ಇಲ್ಲ ಎಂದು ಹೇಳಿ. ದೈವ ಎಂಬುದೇ ಇಲ್ಲ. ಕಲ್ಲಿನ ಮುಂದೆ ಹೇಳಿದ ಸುಳ್ಳು ಯಾರಿಗೂ ತಾಗುವುದಿಲ್ಲ."

"ಯಾವ ಪುಸ್ತಕದಲ್ಲಿ ಉಂಟು?"

"ನೀಲಿ ರಟ್ಟಿನದ್ದರಲ್ಲಿ."

ಅವರು ಕೈಯ ನೀರು ಕೊಡವಿದರು. "ದೈವ ಉಂಟೋ ಇಲ್ಲವೋ ನನಗೂ ಗೊತ್ತಿಲ್ಲ ವೇಣಿ. ನಾನಂತೂ ಉಂಟಲ್ಲ."

ಫೆಬ್ರವರಿ 13, ಆದಿತ್ಯವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ದೈವಸ್ಥಾನ ಗುಡ್ಡೆಯ ಮೇಲಿದೆ. ಬೆಳಿಗ್ಗೆ ಹತ್ತು ಗಂಟೆಗೇ ನೂರು ಜನ. ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಗುರಿಕಾರರು, ಎಂದರೆ ಅಲ್ಲಿನ ಮುಖ್ಯಸ್ಥರು, ಮೆಟ್ಟಿಲಿನ ಪಕ್ಕ ತಾಮ್ರದ ತಂಬಿಗೆ ಇಟ್ಟುಕೊಂಡು ನಿಂತಿದ್ದರು. ಸುಗಂಧಿಯಕ್ಕ ಹಸಿರು ವಾಯಿಲ್ ಸೀರೆ ಉಟ್ಟಿದ್ದರು. ಕಾನ್ಸೆಪ್ಟಾ ಬಾಯಿ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಂದು ಅಂಗಳದ ಹೊರಗೆ ಕೊಡೆ ಹಿಡಿದು ನಿಂತಿದ್ದರು. ಗುರುತು ಕಾಣಲಿ ಎಂದೋ, ಬಿಸಿಲಿಗೋ ತಿಳಿಯದು.

ಕರೆದಾಗ ಸುಗಂಧಿಯಕ್ಕ ಮುಂದೆ ಹೋದರು. ದನಿ ಎತ್ತಲಿಲ್ಲ.

"ನಾನು ಪ್ರಮಾಣ ಮಾಡಲಿಕ್ಕೆ ಬಂದದ್ದಲ್ಲ. ಕೇಳಿದ್ದಾರೆ, ಹೇಳಿ ಹೋಗುತ್ತೇನೆ. ಮುದ್ದಣ್ಣ ನನ್ನ ಮನೆಗೆ ಬರುತ್ತಾರೆ. ಪಂಪಿಗೆ ಅಲ್ಲ, ನನಗಾಗಿ. ನನ್ನ ಗಂಡನಿಗೆ ಮುಂಬೈಯಲ್ಲಿ ಸಂಸಾರ ಉಂಟು, ಇಲ್ಲಿ ಎಲ್ಲರಿಗೂ ಗೊತ್ತುಂಟು. ಅವರನ್ನು ಯಾರೂ ಇಲ್ಲಿಗೆ ಕರೆಯಲಿಲ್ಲ, ಕರೆಯಿರಿ ಅಂತ ನಾನು ಹೇಳುವುದೂ ಇಲ್ಲ. ಹೊಳೆ ಬದಿಯ ಹದಿನೇಳು ಮನೆಗೆ ಕುಡಿಯುವ ನೀರಿಲ್ಲ. ಅದರ ಬಗ್ಗೆ ಪ್ರಮಾಣ ಬೇಕಿದ್ದರೆ ಈಗಲೇ ಕೈ ಚಾಚುತ್ತೇನೆ."

ಶೇಖರಣ್ಣ "ಕೇಳಿದಿರಲ್ಲ" ಎಂದು ಜನರ ಕಡೆ ತಿರುಗಿದ. ಆಗ ಗುರಿಕಾರರು ತಂಬಿಗೆ ಅವನ ಕಡೆ ಚಾಚಿದರು.

"ಪ್ರಮಾಣ ಒಂದು ಕೈಯಲ್ಲಿ ಆಗುವುದಿಲ್ಲ ಶೇಖರ. ಕೇಳಿದವನೂ ಮಾಡಬೇಕು, ನನ್ನ ಮನೆಯಲ್ಲಿ ಮುಚ್ಚುಮರೆ ಇಲ್ಲ ಅಂತ. ಅದು ಇಲ್ಲಿಯ ಕ್ರಮ. ಕೈ ತೊಳೆ."

ಶೇಖರಣ್ಣ ವಾಚು ನೋಡಿಕೊಂಡ. "ನನಗೆ ಆದಿ ಉಡುಪಿಯಲ್ಲಿ ಸ್ವಲ್ಪ ಕೆಲಸ ಉಂಟು" ಎಂದ.

"ಆದಿತ್ಯವಾರವೂ ಯಾರ್ಡ್ ತೆರೆದಿರ್ತದಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಬಲಗಡೆ ಇಡೀ ನಕ್ಕಿತು. ಎಡಗಡೆಯೂ ನಗು ಹಬ್ಬಿತು. ನನ್ನ ಪಕ್ಕಕ್ಕೆ ಎರಡು ಹೆಜ್ಜೆಯಲ್ಲಿ ಕುಶಲಕ್ಕ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬೆರಳು ಬಿಳಿಯಾಗಿತ್ತು. ನನಗೆ ನಗು ಬರಲಿಲ್ಲ.

ಸುಗಂಧಿಯಕ್ಕ ತಿರುಗಿದರು. "ನಗಬೇಡಿ. ಅವರ ಮನೆಯವರು ಇಲ್ಲಿ ನಿಂತಿದ್ದಾರೆ" ಎಂದರು.

ನಗು ನಿಂತಿತು. ಜನ ಚಪ್ಪಲಿ ಹುಡುಕತೊಡಗಿದರು.

ಫೆಬ್ರವರಿ 22, ಮಂಗಳವಾರ

ಮತದಾನ ಮುಗಿಯಿತು. ನಾನು ಹೊರಗೆ ನಿಂತು ವಯಸ್ಸಾದವರನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಕುಶಲಕ್ಕನ ಅತ್ತೆಯನ್ನೂ.

ಫೆಬ್ರವರಿ 26, ಶನಿವಾರ

ಒಂಬತ್ತು ಓಟಿಗೆ ಸೋತೆವು.

ಸುಗಂಧಿಯಕ್ಕನಿಗಿಂತ ಹೆಚ್ಚು ನಾನು ಅತ್ತೆ. ನನ್ನ ಸಾಲಿಲ್ಲದಿದ್ದರೆ ಆ ಒಂಬತ್ತು ನಮ್ಮದಾಗುತ್ತಿತ್ತು ಎಂದೆ. "ಆಗುತ್ತಿತ್ತೋ ಏನೋ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಅವರಿಗೆ ಕೃತಜ್ಞಳಾಗಿದ್ದೇನೆ.

ಕಾನ್ಸೆಪ್ಟಾ ಬಾಯಿ ಹಲಸಿನ ಹಪ್ಪಳ ಕಳಿಸಿದ್ದರು. ಮುದ್ದಣ್ಣ ಕಾರ್ಕಳದಿಂದ ಆದಿತ್ಯವಾರಕ್ಕೂ ಕಾಯದೆ ಬಂದರು, ಯಾವ ನೆಪವೂ ಇಲ್ಲದೆ. ಎಲ್ಲರೂ ಹಪ್ಪಳ ತಿಂದೆವು.

ಫೆಬ್ರವರಿ 29, ಮಂಗಳವಾರ

ಈ ಡೈರಿಯಲ್ಲಿ ಇವತ್ತಿನ ದಿನವೇ ಇಲ್ಲ. ಇಪ್ಪತ್ತೆಂಟರ ಕೆಳಗೆ ಬರೆಯುತ್ತಿದ್ದೇನೆ.

ಸಂಜೆ ಹಿತ್ತಿಲ ಕಡೆಯಿಂದ ಕುಶಲಕ್ಕ ಬಂದರು. ಕೈಯಲ್ಲಿ ಪಂಚಾಯತಿನಿಂದ ಬಂದ ಕಾಗದದ ದಪ್ಪ ಕಟ್ಟು. ಜಗಲಿಯ ತುದಿಯಲ್ಲಿ ಕುಳಿತರು.

"ಸುಗಂಧಿಯಕ್ಕ, ಗುರುತು ಹಾಕಿದಲ್ಲಿ ಸಹಿ ಹಾಕು ಅಂತ ಮನೆಯಲ್ಲಿ ಹೇಳಿದ್ದಾರೆ. ಓದದೆ ಹಾಕಲಿಕ್ಕೆ ಮನಸ್ಸಾಗಲಿಲ್ಲ. ಆ ದಿವಸ ನೀವು ನಗಬೇಡಿ ಅಂದಿರಿ. ಹಾಗಾಗಿ ಬಂದೆ."

ನಾನು ಗಟ್ಟಿಯಾಗಿ ಓದಿದೆ. ಅರ್ಥವಾಗದಲ್ಲಿ ಮೂವರೂ ಚರ್ಚಿಸಿದೆವು. ರಾಜಕೀಯದಲ್ಲಿ ಕುಶಲಕ್ಕನದ್ದು ನನಗೆ ಪೂರ್ತಿ ವಿರುದ್ಧ ಪಕ್ಷ. ಗಂಡನನ್ನು ಬಿಡುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ನಾನು ವಾದಿಸಲಿಲ್ಲ, ಓದುವುದು ತುಂಬ ಇತ್ತು.

ನೀರಿನ ಮಾತು ಬಂದಾಗ ಪೈಪು ಹೊಳೆಯ ತನಕ ಸರಿಯಿದೆ, ತಿರುವಿನಲ್ಲಿ ವಾಲ್ವ್ ಮುಚ್ಚಿದ್ದಾರೆ ಅಷ್ಟೆ ಎಂದು ಮುದ್ದಣ್ಣ ನೋಡಿ ಬಂದದ್ದನ್ನು ಸುಗಂಧಿಯಕ್ಕ ಹೇಳಿದರು. ಕುಶಲಕ್ಕ ಕಾಗದದ ಕಟ್ಟನ್ನು ಪಕ್ಕಕ್ಕೆ ಇಟ್ಟರು.

"ಕೆಳಗೆ ಬಿಟ್ಟರೆ ಮೇಲಿನ ಟ್ಯಾಂಕು ತುಂಬುವುದಿಲ್ಲ ಅಂತ ಇವರು ಮುಚ್ಚಿಸಿದ್ದು. ಅದರ ಕೀ ನಮ್ಮ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತದೆ. ದಿನಾ ಅದರ ಕೆಳಗೆ ನಿಂತು ದೋಸೆ ಹೊಯ್ಯುತ್ತೇನೆ" ಎಂದರು.

ಮಾರ್ಚ್ 5, ಆದಿತ್ಯವಾರ

ಅಪ್ಪ ಜ್ವರ ಹಿಡಿದು ನಿಟ್ಟೆಗೆ ಬಂದಿದ್ದಾನೆ ಎಂದು ಅವ್ವ ಪ್ರೆಸ್ಸಿಗೆ ಫೋನ್ ಮಾಡಿಸಿದ್ದಳು. ಹೋಗಿ ಬಂದೆ. ಅವ್ವ ಗಂಜಿ ಕೊಡುತ್ತಾಳೆ, ಚಾಪೆ ಮಾತ್ರ ಶೆಡ್ಡಿನ ಆ ತುದಿಗೆ ಹಾಕಿದ್ದಾಳೆ. "ಗಂಜಿ ಬ್ಯಾರೆ, ಚಾಪಿ ಬ್ಯಾರೆ" ಎಂದಳು. ಅವಳ ಲೆಕ್ಕ ಅವಳಿಗೆ ಗೊತ್ತು.

ಅಪ್ಪನಿಗೆ ಹೇಳಬೇಕಾದ್ದನ್ನು ಡಿಸೆಂಬರಿನಲ್ಲೇ ನಾಲ್ಕು ಪುಟ ಬರೆದಿಟ್ಟಿದ್ದೆ. ಅಪ್ಪ ನನ್ನ ಕೈ ನೋಡಿ, "ಸೀಸ ಹತ್ತಿದ್ದು ತೊಳಕೊಂಡು ಉಣ್ಣತಿ ಹೌದಿಲ್ಲೋ?" ಎಂದು ಕೇಳಿದ. ಹೂಂ ಎಂದೆ. ಮುದ್ದಣ್ಣ ಕೊಟ್ಟ ಕದಳಿ ಹಣ್ಣು ಒಂದು ಸುಲಿದು ಕೊಟ್ಟೆ. ಕ್ಷಮಿಸಿಲ್ಲ. ಅದು ಸ್ಪಷ್ಟವಿರಲಿ.

ಮಾರ್ಚ್ 11, ಶನಿವಾರ

ಕುಶಲಕ್ಕ ಎರಡು ಕಾಗದ ತಂದಿದ್ದರು. ಒಂದು, ಮತದಾರರ ಪಟ್ಟಿಗೆ ನನ್ನ ಹೆಸರು ಸೇರಿಸುವ ಫಾರಂ. ಮನೆ ನಂಬರು ಎಂದಿರುವಲ್ಲಿ ಸುಗಂಧಿಯಕ್ಕ ತಮ್ಮ ಮನೆಯ ನಂಬರು ಬರೆಸಿದರು.

ಇನ್ನೊಂದು ವಾರ್ಡ್ ಸಭೆಯ ನೋಟೀಸು. ಬರೆದದ್ದು ಕುಶಲಕ್ಕನೇ. ಪ್ರೆಸ್ಸಿಗೆ ಒಯ್ದು ಜೋಡಿಸಿದೆ. ದಿನ, ಜಾಗ, ಹೆಸರು. ಕೆಳಗೆ ಎರಡು ಬೆರಳು ಜಾಗ ಉಳಿಯಿತು. ಮೌರಿಸ್ ಸರ್ ನನ್ನ ಮುಖ ನೋಡಿದರು. ಕಾನ್ಸೆಪ್ಟಾ ಬಾಯಿ ಹೂವಿನ ಬ್ಲಾಕ್ ಎತ್ತಿ ಮೇಜಿನ ಮೇಲಿಟ್ಟರು. ನಾನು ಪ್ರೂಫ್ ತೆಗೆದುಕೊಂಡು ಬಸ್ ಹತ್ತಿದೆ.

ಇಬ್ಬರೂ ಜಗಲಿಯಲ್ಲೇ ಇದ್ದರು. ಕುಶಲಕ್ಕ ಬೀಡಿ ಕಟ್ಟಲು ಕಲಿಯುತ್ತಿದ್ದರು, ಒಂದೂ ಸರಿಯಾಗಿರಲಿಲ್ಲ.

"ಕೆಳಗೆ ಸ್ವಲ್ಪ ಜಾಗ ಉಳಿದಿದೆ. ಎಂತ ಹಾಕಲಿ?" ಎಂದು ಕೇಳಿದೆ.

ಕುಶಲಕ್ಕ ಸುಗಂಧಿಯಕ್ಕನನ್ನು ನೋಡಿದರು. ಸುಗಂಧಿಯಕ್ಕ ಕುಶಲಕ್ಕನ ಸೊಂಟವನ್ನು ನೋಡಿದರು. ಅಲ್ಲಿ ಮನೆಯ ಬೀಗದ ಕೈಗಳ ಜೊತೆಗೆ ಗೇಣುದ್ದದ ಒಂದು ಕಬ್ಬಿಣದ ಕೀ ಸಿಕ್ಕಿಸಿತ್ತು.

"ನೀರು ಬಿಡುವ ಹೊತ್ತು ಹಾಕು" ಎಂದರು ಸುಗಂಧಿಯಕ್ಕ.

"ಆರರಿಂದ ಏಳು. ಬೆಳಿಗ್ಗೆ" ಎಂದರು ಕುಶಲಕ್ಕ. "ನಾಳೆಯಿಂದಲೇ ಅಂತ ಬರಿ."

ಇಬ್ಬರಿಂದಲೂ ಪ್ರೂಫಿಗೆ ಸಹಿ ಹಾಕಿಸಿಕೊಂಡು ಮರಳಿ ಪ್ರೆಸ್ಸಿಗೆ ಹೋಗಿ ಅಷ್ಟನ್ನೇ ಜೋಡಿಸಿದೆ. ಜಾಗಕ್ಕೆ ಸರಿಯಾಗಿ ಹಿಡಿಯಿತು.

ಈಗ ಮಲಗಬೇಕು. ನಲ್ಲಿಯ ಹತ್ತಿರ ಕೊಡಗಳನ್ನು ಸಂಜೆಯೇ ಸಾಲಾಗಿ ಇಟ್ಟಾಗಿದೆ. ಮೂರನೆಯದು ನನ್ನದು. ನಾನು ಇಟ್ಟದ್ದಲ್ಲ.